ಎಡಗಡೆ ಗೆರೆಯ ಮೇಲೆ ಕೂತವಳು

ನಮ್ಮ ಬೀದಿಯಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಬೆಳಗಿನಿಂದ ಸಂಜೆಯವರೆಗೂ ಇರುತ್ತಿತ್ತು. ರಾಮನಗರದಲ್ಲಿ ಹುಟ್ಟಿದವರು ಅದಕ್ಕೆ ಮೂಗು ಮುಚ್ಚುವುದಿಲ್ಲ. ಆದರೆ ನನ್ನ ಬಾಲ್ಯದ ವಾಸನೆ ಯಾವುದು ಎಂದು ಕೇಳಿದರೆ ನಾನು ಹೇಳುವುದು ಅದನ್ನಲ್ಲ, ಅದರೊಳಗೆ ಸೇರಿಕೊಂಡಿದ್ದ ಇನ್ನೊಂದನ್ನು. ಗೌಸ್ ಸಾಹೇಬರ ಫೋಟೋ ಸ್ಟುಡಿಯೋದ ಕರಿ ಪರದೆಯ ಹಿಂದಿನಿಂದ ಹುಳಿಹುಳಿಯಾಗಿ ಮೂಗಿಗೆ ಹತ್ತುತ್ತಿದ್ದ, ಫೋಟೋ ತೊಳೆಯುವ ಔಷಧಿಯ ವಾಸನೆ, ಅದರ ಜೊತೆಗೆ ಒಂದಿಷ್ಟು ಮುಖದ ಪೌಡರಿನ ಘಮ. ಇವತ್ತಿಗೂ ಯಾರಾದರೂ ವಿನೆಗರ್ ಬಾಟಲಿ ತೆರೆದರೆ ನನಗೆ ನಮ್ಮ ತಾತ ನೆನಪಾಗುತ್ತಾರೆ.

ತಾತ ಹೋದ ದಿನ ಗೌಸ್ ಸಾಹೇಬರು ಮನೆಗೆ ಬಂದಿದ್ದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಎಡಗೈಯಲ್ಲಿ ಲಿಂಗ ಇಡುತ್ತೇವೆ. ಹಾಗೆ ಕೂತಂತೆಯೇ ಮಣ್ಣು ಸೇರುತ್ತಾರೆ. ಅದಕ್ಕೆ ಮುಂಚೆ ಮನೆಯವರೆಲ್ಲ ಅವರ ಅಕ್ಕಪಕ್ಕ ಕೂತು ಒಂದು ಫೋಟೋ ತೆಗೆಸುವುದು ರೂಢಿ. ಎಷ್ಟೋ ಹಿರಿಯರಿಗೆ ಜೀವಮಾನದಲ್ಲಿ ಅದೊಂದೇ ಫೋಟೋ.

ಅವತ್ತು ನಾವೆಲ್ಲ ಅಂಗಳದಲ್ಲಿ ಕೂತಾಗಿತ್ತು. ತಾತನ ಕುರಿಗಳನ್ನು ಮೇಯಿಸುತ್ತಿದ್ದ ಚಿಕ್ಕಬೀರಯ್ಯ ದೂರದಲ್ಲಿ, ಕಲ್ಲುಬಾನಿಯ ಹತ್ತಿರ, ರುಮಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಗೌಸ್ ಸಾಹೇಬರು ಕರಿಬಟ್ಟೆಯಿಂದ ತಲೆ ಹೊರಗೆ ಹಾಕಿ, "ಅವರನ್ನೂ ಕರೀರಿ, ಅವರೂ ಅಳ್ತಾ ಇದಾರೆ," ಎಂದರು. ಚಿಕ್ಕಬೀರಯ್ಯ ಬಂದು ಕೂತ. ಈಗ ಎಲ್ಲರೂ ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಸಾಹೇಬರು ಮೂರು ಕಾಲಿನ ಕ್ಯಾಮೆರಾ ಎತ್ತಿಕೊಂಡು ಹಿಂದಕ್ಕೆ ಹೋದರು, ಮತ್ತೂ ಹಿಂದಕ್ಕೆ ಹೋದರು, ಕೊನೆಗೆ ಒಂದು ಕಾಲು ಚರಂಡಿಗೆ ಇಳಿಯಿತು. ಆ ಕಾಲನ್ನು ಎತ್ತಲಿಲ್ಲ. ಕಪ್ಪು ನೀರಿನಲ್ಲಿ ನಿಂತೇ ಫೋಟೋ ತೆಗೆದರು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಬಲತುದಿಯಲ್ಲಿ ಚಿಕ್ಕಬೀರಯ್ಯ ಇದ್ದಾನೆ.

ಇದನ್ನೆಲ್ಲ ಮೊದಲು ಹೇಳಿದ್ದಕ್ಕೆ ಕಾರಣವಿದೆ. ನಾನು ಸಾಮಾನ್ಯವಾಗಿ ಯಾರ ಮೇಲೂ ಕೂಗಾಡುವವಳಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ, ಒಂದು ಮಗುವಿನ ಕಿವಿಯನ್ನೂ ಹಿಂಡಿಲ್ಲ. ಆದರೆ ಹೋದ ಚಳಿಗಾಲದಲ್ಲಿ, ಚನ್ನಪಟ್ಟಣದ ಅಣ್ಣನ ಮನೆಯ ಹಜಾರದಲ್ಲಿ, ನೆಂಟರೆಲ್ಲ ಸೇರಿದ್ದ ಕಾರ್ಯದ ದಿನ, ನನ್ನ ಅಣ್ಣನ ಮಗನ ಮೇಲೆ ಬೀದಿಗೆ ಕೇಳುವಂತೆ ಕೂಗಿದೆ. ಹಾಗೆ ಕೂಗಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಅಣ್ಣನ ಮಗ ರುದ್ರಪ್ರಸಾದನಿಗೆ ಚನ್ನಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ಪೈಪು, ಪೇಂಟು. ಐದಾರು ವರ್ಷದ ಹಿಂದೆ ಅವನಿಗೆ ಫೋಟೋದ ಹುಚ್ಚು ಹಿಡಿಯಿತು. ಯೂಟ್ಯೂಬ್ ನೋಡಿ ಕಲಿತ. ಊರಿನ ಕೆಲವರನ್ನು ಸೇರಿಸಿಕೊಂಡು ಒಂದು ವಾಟ್ಸಾಪ್ ಗುಂಪು ಮಾಡಿದ. ಭಾನುವಾರವಾದರೆ ಕಣ್ವ ಡ್ಯಾಮಿನ ಹತ್ತಿರವೋ ಬೈರಾಪಟ್ಟಣದ ಹೊಲಗಳ ಕಡೆಗೋ ಹೋಗಿ ಫೋಟೋ ತೆಗೆಯುವುದು, ಗುಂಪಿಗೆ ಹಾಕುವುದು, ಎಲ್ಲರೂ ಸೇರಿ "ವಾರದ ಚಿತ್ರ" ಆರಿಸುವುದು. ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ನನಗೆ ಕೊಟ್ಟ. "ಅತ್ತೆ, ಇದು ನನ್ನ ಬೀರುವಿನಲ್ಲಿ ಧೂಳು ತಿನ್ನೋ ಬದಲು ನಿಮ್ಮ ಕುತ್ತಿಗೇಲಿ ಇರ್ಲಿ," ಎಂದ. ಅದರ ಪಟ್ಟಿ ನನ್ನ ಕತ್ತಿಗೆ ಉಜ್ಜುತ್ತದೆಂದು ಅವನ ಹೆಂಡತಿ ಶ್ರುತಿ ತನ್ನ ಹಳೇ ವಾಯಿಲ್ ಸೀರೆಯ ತುಂಡನ್ನು ಅದರ ಸುತ್ತ ಹೊಲಿದು ಕೊಟ್ಟಿದ್ದಳು. ನಾನು ಕೇಳಿರಲಿಲ್ಲ. ಒಳ್ಳೆಯವರ ಮನೆ ಅದು. ಕೋಪದಲ್ಲಿ ಇದನ್ನು ಮರೆಯಬಾರದು ಎಂದೇ ಬರೆಯುತ್ತಿದ್ದೇನೆ.

ನನಗೆ ರೂಲ್ ಆಫ್ ಥರ್ಡ್ಸ್ ಕಲಿಸಿದವನೂ ರುದ್ರನೇ. ಹಜಾರದ ಕಿಟಕಿಗೆ ಎರಡು ನಿಲುವು ಸರಳು, ಎರಡು ಅಡ್ಡಪಟ್ಟಿ ಇವೆ. ಅದರ ಮುಂದೆ ನನ್ನನ್ನು ನಿಲ್ಲಿಸಿ ಪಾಠ ಮಾಡಿದ.

"ನೋಡಿ ಅತ್ತೆ, ಚೌಕಟ್ಟನ್ನ ಅಡ್ಡಕ್ಕೂ ಮೂರು ಪಾಲು ಮಾಡಿ, ಉದ್ದಕ್ಕೂ ಮೂರು ಪಾಲು ಮಾಡಿ. ಈ ಸರಳು ಎಡಗಡೆ ಗೆರೆ, ಇದು ಬಲಗಡೆ ಗೆರೆ. ಸರಳೂ ಪಟ್ಟೀನೂ ಎಲ್ಲಿ ಕೂಡ್ತವೋ ಅಲ್ಲಿ ಮುಖ ಇಡ್ಬೇಕು. ನಟ್ಟನಡುವೆ ಇಟ್ರೆ ಆಧಾರ್ ಕಾರ್ಡ್ ಫೋಟೋ ಆಗೋಯ್ತದೆ."

ನನಗೆ ಇದು ಹಿಡಿಸಿತು. ಡ್ಯಾಮಿನ ನೀರನ್ನು ಕೆಳಗಿನ ಗೆರೆಗೆ ಇಳಿಸಿದರೆ ಆಕಾಶ ಎಷ್ಟು ದೊಡ್ಡದಾಗುತ್ತದೆ ಎಂದು ಮೊದಲ ಸಲ ಕಂಡಾಗ ಹುಡುಗಿಯಂತೆ ಹಿಗ್ಗಿದ್ದೆ. ಹಾಗಾಗಿ ಆ ನಿಯಮದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಆ ಪಾಠ ನಡೆಯುವಾಗ, ಅತ್ತಿಗೆಯನ್ನು ನೋಡಿಕೊಳ್ಳುತ್ತಿದ್ದ ಅಂಬಮ್ಮ ಗಂಜಿಯ ಬಟ್ಟಲು ಹಿಡಿದು ಹಜಾರ ದಾಟುತ್ತಿದ್ದಳು. ನಿಂತು ಕೇಳಿಸಿಕೊಂಡು, "ನಡುಕ್ಕೆ ಬುಡದೇ ಅಂಚಿಗ್ ತಳ್ಳಿದ್ರೆ ನಮ್ ಕುರೀನ ತೋಳ ಹೊತ್ಕಂಡೋಯ್ತದೆ ಚಿಕ್ಕಯ್ನೋರೇ. ನೀವು ಮುಖಾನೇ ಅಂಚಿಗ್ ತಳ್ತೀರಲ್ಲ," ಎಂದಳು. ರುದ್ರ ನಕ್ಕ. ಒಳಗಿನ ಕೋಣೆಯಿಂದ ಅತ್ತಿಗೆಯೂ ನಕ್ಕಿದ್ದು ಕೇಳಿಸಿತು.

ಅತ್ತಿಗೆ ಎಂದರೆ ಗಿರಿಜಾಂಬ, ತೀರಿಹೋದ ನನ್ನ ಅಣ್ಣನ ಹೆಂಡತಿ, ರುದ್ರನ ತಾಯಿ. ಪಾರ್ಶ್ವವಾಯು ಹೊಡೆದು ಬಲಭಾಗ ಪೂರ್ತಿ ಹೋಗಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಆಗ ಅವರನ್ನು ನೋಡಿಕೊಳ್ಳಲು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಿಂದ ಬಂದವಳು ಅಂಬಮ್ಮ. ಅವಳ ಮನೆಯಲ್ಲಿ ಕುರಿಗಳಿವೆ, ಒಂದಿಷ್ಟು ಹೊಲ ಇದೆ, ಮಗ ಶ್ರೀನಿವಾಸ ಅವನ್ನು ನೋಡಿಕೊಳ್ಳುತ್ತಾನೆ. ಅತ್ತಿಗೆಗೆ ಗಂಜಿ ಕುಡಿಸುವಾಗ ಅಂಬಮ್ಮ ತಾನೇ ಮೊದಲು "ಆ" ಎಂದು ಬಾಯಿ ತೆರೆಯುತ್ತಿದ್ದಳು. ಅದನ್ನು ನೋಡಿ ಅತ್ತಿಗೆ ತೆರೆಯುತ್ತಿದ್ದರು. ತುಟಿಯಂಚಿನಿಂದ ಜಾರಿದ್ದನ್ನು ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು. ಬೇರೆ ಬಟ್ಟೆ ತಂದುಕೊಟ್ಟರೆ, "ಅದು ಒರಟು, ಅವ್ವನ್ ಬಾಯ್ ಉರೀತದೆ," ಎನ್ನುತ್ತಿದ್ದಳು. ಎಂಟು ವರ್ಷ ಹೀಗೇ ನಡೆಯಿತು. ಆಮೇಲಾಮೇಲೆ ಅತ್ತಿಗೆಯ ತೊದಲು ಮಾತು ಅಂಬಮ್ಮನೊಬ್ಬಳಿಗೇ ತಿಳಿಯುತ್ತಿತ್ತು. ನಮಗೆಲ್ಲ ಅವಳೇ ಬಿಡಿಸಿ ಹೇಳುತ್ತಿದ್ದಳು.

ಆ ಎಂಟು ವರ್ಷದಲ್ಲಿ ಅತ್ತಿಗೆ ಒಂದು ಫೋಟೋಕ್ಕೂ ಒಪ್ಪಲಿಲ್ಲ. ರುದ್ರ ಎಷ್ಟು ಬೇಡಿದರೂ ಒಪ್ಪಲಿಲ್ಲ. ಒಮ್ಮೆ ಏನೋ ಹೇಳಿದರು. ಅಂಬಮ್ಮ ನಗುತ್ತಾ ನಮಗೆ ಹೇಳಿದಳು: "ಈ ಸೊಟ್ಟ ಮೂತೀನ ಯಾವ್ ಗೆರೆ ಮ್ಯಾಲ್ ಮಡುಗುದ್ರೂ ಸೊಟ್ಟವೇ ಕಣ್ಲಾ ಅಂತವ್ರೆ."

ಅವರೆಕಾಯಿಯ ಕಾಲದಲ್ಲಿ, ಒಂದು ಬೆಳಿಗ್ಗೆ, ಅತ್ತಿಗೆ ಹೋದರು.

ನಾನು ರಾಮನಗರದಿಂದ ಹೋಗುವಷ್ಟರಲ್ಲಿ ಅಂಬಮ್ಮ ಮೀಯಿಸಿ ಮುಗಿಸಿದ್ದಳು. ಮೈ ಬಿಗಿಯುವ ಮೊದಲೇ ಬಿಸಿ ಹರಳೆಣ್ಣೆ ಹಚ್ಚಿ ಕೆನ್ನೆಯನ್ನು ನೀವಿ ನೀವಿ ದವಡೆಗೆ ಬಟ್ಟೆ ಕಟ್ಟಿದ್ದಳು. ಬಟ್ಟೆ ಬಿಚ್ಚಿದಾಗ ಬಾಯಿ ನೆಟ್ಟಗಾಗಿತ್ತು. ಎಂಟು ವರ್ಷದ ಮೇಲೆ ಗಿರಿಜತ್ತಿಗೆ ಗಿರಿಜತ್ತಿಗೆಯ ಹಾಗೆ ಕಂಡರು. "ನೋಡಿ ಮಂಗ್ಳಮ್ಮಾರೇ, ಈಗ ಫೋಟೋಕ್ಕೆ ಬ್ಯಾಡ ಅನ್ನಕ್ಕಿಲ್ಲ," ಎಂದು ಅಂಬಮ್ಮ ಆ ಮುಖವನ್ನೇ ನೋಡುತ್ತ ನನಗೆ ಹೇಳಿದಳು.

ಗೋಡೆಗೆ ಒರಗಿಸಿ ಕೂರಿಸಿದರು. ಆದರೆ ಸತ್ತ ಬಲಭಾಗಕ್ಕೇ ದೇಹ ವಾಲುತ್ತಿತ್ತು. ಎದೆಯ ಸುತ್ತ ಬಟ್ಟೆ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿದರೂ ವಾಲುತ್ತಿತ್ತು. ಕೊನೆಗೆ ಅಂಬಮ್ಮ ಅವರ ಬಲಗಡೆ, ಎದುರಿನಿಂದ ನೋಡುವವರಿಗೆ ಎಡಕ್ಕೆ, ಪಕ್ಕದಲ್ಲೇ ಕೂತು ಭುಜವನ್ನು ಹಿಡಿದುಕೊಂಡಳು. ಬಂದವರೆಲ್ಲ ಹೂವು ಹಾಕಿ ಹೋದರು. ಅವಳು ಮಾತ್ರ ಕೈ ತೆಗೆಯಲಿಲ್ಲ. ಮೂಗು ಸೋರಿದರೂ ಇನ್ನೊಂದು ಕೈಯಿಂದಲೇ ಒರೆಸಿಕೊಂಡಳು.

ರುದ್ರ ಟ್ರೈಪಾಡ್ ನಿಲ್ಲಿಸಿದ. ಅವನ ಕಣ್ಣು ಊದಿತ್ತು. "ಯಾರೂ ಮೊಬೈಲಲ್ಲಿ ತೆಗೀಬೇಡಿ, ದಯವಿಟ್ಟು. ಅವ್ವನ್ದು ನಾನೊಂದೇ ಒಳ್ಳೇದು ತೆಗೀತೀನಿ," ಎಂದ. ಯಾರೂ ತೆಗೆಯಲಿಲ್ಲ. ನನ್ನ ಕ್ಯಾಮೆರಾ ರಾಮನಗರದಲ್ಲೇ ಇತ್ತು. ಮೊದಲು ಮನೆಯವರೆಲ್ಲ ಕೂತದ್ದು ಒಂದು ತೆಗೆದ. ಆಗ ಹಿರಿಯರು ಅಂಬಮ್ಮನನ್ನು ಒಸಿ ಹೊತ್ತು ಏಳಿಸಿದ್ದರು, ಶ್ರುತಿ ಭುಜ ಹಿಡಿದಿದ್ದಳು. ಆಮೇಲೆ ಅತ್ತಿಗೆಯದನ್ನು ಬೇರೆಯಾಗಿ ತೆಗೆಯಲು ನಿಂತ. ಅಂಬಮ್ಮ ಮತ್ತೆ ಬಂದು ಭುಜ ಹಿಡಿದಳು.

ರುದ್ರ ಪರದೆ ನೋಡುತ್ತಾ, "ಅಂಬಮ್ಮ, ಒಸಿ ಆ ಕಡೆಗೆ ಸರಿ. ಇನ್ನೊಂಚೂರು. ಹಾಂ, ಗೆರೆ ಮೇಲೆ ಬಂದೆ," ಎಂದ.

"ನಾನೂ ಬೀಳ್ತೀನಾ ಚಿಕ್ಕಯ್ನೋರೇ?"

"ಬೀಳ್ತೀಯ ಕಣಮ್ಮ."

"ಅಂಗಾರೆ ನಂಗೂ ಒಂದ್ ಕೊಡಿ. ನಂಗೂ ಅವ್ವಂಗೂ ಒಂದೂ ಇಲ್ಲ."

"ಕಟ್ಟು ಹಾಕ್ಸೇ ಕೊಡ್ತೀನಿ," ಎಂದ ರುದ್ರ. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಪರಮಶಿವಯ್ಯನವರೂ ಕೇಳಿಸಿಕೊಂಡರು. ಅವರು ನಮ್ಮ ದೊಡ್ಡಪ್ಪನ ಮಗ. ಮನೆತನದಲ್ಲಿ ಈಗ ಅವರೇ ಹಿರಿಯರು. ಅವರು ಗಂಟಲು ಸರಿಮಾಡಿಕೊಂಡದ್ದು ನೆನಪಿದೆ.

ಮಧ್ಯಾಹ್ನ ಬೈರಾಪಟ್ಟಣದ ತೋಟದಲ್ಲಿ ಅತ್ತಿಗೆಯನ್ನು ಕೂರಿಸಿ ಮಣ್ಣು ಕೊಟ್ಟೆವು. ಅಂಬಮ್ಮ ಅವತ್ತೇ ಸಂಜೆ ತನ್ನ ಊರಿಗೆ ಹೋದಳು.

ಹನ್ನೊಂದನೆಯ ದಿನದ ಕಾರ್ಯ, ಶಿವಗಣಾರಾಧನೆ, ಇತ್ತು. ನಾನು ಹೋದಾಗ ಹಿತ್ತಲಲ್ಲಿ ಹಿತಕಿದವರೆ ಸಾರು ಕುದಿಯುತ್ತಿತ್ತು. ಹಜಾರದಲ್ಲಿ ಬಿಳಿ ಬಟ್ಟೆ ಹೊದಿಸಿದ ಮೇಜಿನ ಮೇಲೆ ಅತ್ತಿಗೆಯ ದೊಡ್ಡ ಪಟ ಇಟ್ಟಿದ್ದರು. ಅದರ ಮುಂದೆ ದೀಪ ಉರಿಯುತ್ತಿತ್ತು.

ಒಳ್ಳೆಯ ಫೋಟೋ. ಅದನ್ನು ಇಲ್ಲ ಎನ್ನುವುದಿಲ್ಲ. ಅತ್ತಿಗೆಯ ಮುಖ ಬಲಗಡೆಯ ಗೆರೆಯ ಮೇಲೆ, ಮೇಲಿನ ಪಟ್ಟಿ ಕೂಡುವಲ್ಲಿ ಇತ್ತು. ಉಳಿದ ಎರಡು ಪಾಲು ಬರೀ ಸುಣ್ಣದ ಗೋಡೆ, ಅದರ ಮೇಲೆ ಕಿಟಕಿಯಿಂದ ಬಿದ್ದ ಬೆಳಕು. ಬಂದವರೆಲ್ಲ ಅದರ ಮುಂದೆ ನಿಂತು ಹೊಗಳುತ್ತಿದ್ದರು. "ಗುಂಪಲ್ಲಿ ವಾರದ ಚಿತ್ರ ಇದೇ ಆಗೈತೆ," ಎಂದು ಯಾರೋ ಹೇಳಿದರು. ರುದ್ರ ತಲೆ ತಗ್ಗಿಸಿ, "ನೆಗೆಟಿವ್ ಸ್ಪೇಸ್ ಅಂತಾರೆ. ಖಾಲಿ ಜಾಗ ಬಿಟ್ರೆ ಹೋದವರು ಹೋದ ದಾರಿ ಕಂಡಂಗಾಯ್ತದೆ," ಎಂದ. ನಾನು ಅಲ್ಲೇ ಅಂಬಮ್ಮನನ್ನು ಹುಡುಕಿದೆ. ಇರಲಿಲ್ಲ. ಅವಳ ಜಾಗದಲ್ಲಿ ಗೋಡೆ ಇತ್ತು. ಗೋಡೆಯ ಒಂದು ಕಲೆ ಅಕ್ಕಪಕ್ಕದಲ್ಲಿ ಎರಡು ಸಲ ಬಂದಿತ್ತು. ಅಳಿಸಿ ತೇಪೆ ಹಾಕಿದ ಗುರುತು ಅದು. ಮತ್ತೆ ಅತ್ತಿಗೆಯ ಭುಜದ ಮೇಲೆ ಸೀರೆ ನಾಲ್ಕು ಕಡೆ ಒತ್ತಿಕೊಂಡು ಸುಕ್ಕಾಗಿತ್ತು. ಬೆರಳುಗಳನ್ನು ಅಳಿಸಿದ್ದ, ಬೆರಳು ಒತ್ತಿದ್ದನ್ನು ಅಳಿಸುವುದು ಅವನಿಗೆ ತೋಚಿರಲಿಲ್ಲ.

ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಅಂಬಮ್ಮ ಬಂದಳು.

ಹೊಸ ಸೀರೆ ಉಟ್ಟಿದ್ದಳು, ಅಂಗಡಿಯ ಮಡಿಕೆಯ ಗೆರೆ ಹಾಗೇ ಇತ್ತು. ಕೈಯಲ್ಲಿ ದೊಡ್ಡ ಬಟ್ಟೆಚೀಲ, ಅದರೊಳಗೆ ಮಡಚಿದ ಹಳೇ ಟವೆಲ್. ನನ್ನನ್ನು ಕಂಡ ಕೂಡಲೇ ಹೇಳಿದಳು: "ಪಟ ಬಸ್ಸಲ್ಲಿ ಒಡ್ದೋಗ್ಬಾರ್ದು ಅಂತ ಟವಾಲ್ ತಂದಿವ್ನಿ. ಸೀನ ಮೊಳೆ ಹೊಡ್ದವ್ನೆ, ಟೀವಿ ಮ್ಯಾಗಡೆ. ನಮ್ಮೋರೆಲ್ಲ ಕೇಳ್ತಿರ್ತಾರೆ, ಎಂಗಿದ್ರು ನಿಮ್ ಅವ್ವ ಅಂತ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು ಪಟದ ಹತ್ತಿರ ಹೋದಳು. ಬಗ್ಗಿ ಕೈ ಮುಗಿದಳು.

"ಚೆನ್ನಾಗವ್ರೆ ಅವ್ವ. ಬಾಯಿ ನೆಟ್ಟಗೈತೆ," ಎಂದಳು. ಆಮೇಲೆ ಅವಳ ಕಣ್ಣು ಖಾಲಿ ಗೋಡೆಯ ಕಡೆಗೆ ಸರಿಯಿತು. ಇನ್ನೂ ಹತ್ತಿರ ಬಗ್ಗಿದಳು. ಬೆರಳಿನಿಂದ ಗಾಜನ್ನು ಮುಟ್ಟಿದಳು, ಗುರುತು ಬಿತ್ತೆಂದು ಸೆರಗಿನಿಂದ ಒರೆಸಿದಳು. "ನಾನಿಲ್ಲೇ ಕುಂತಿದ್ನಲ್ಲ ಚಿಕ್ಕಯ್ನೋರೇ?"

ರುದ್ರನ ಮುಖ ಕೆಂಪಾಯಿತು. "ಅದು ಅಂಬಮ್ಮ, ಕಂಪೋಸಿಷನ್ ಅಂತ ಒಂದಿರ್ತದೆ. ಇಬ್ರು ಇದ್ರೆ ನೋಡೋರ ಕಣ್ಣು ಎಲ್ಲೋಗ್ಬೇಕು ಅಂತ ಗೊತ್ತಾಗಲ್ಲ. ಮೂರನೇ ಒಂದು ಪಾಲಲ್ಲಿ ಅವ್ವ ಇರ್ಬೇಕು, ಮಿಕ್ಕಿದ್ದು ಖಾಲಿ ಇರ್ಬೇಕು. ಅದು ರೂಲು."

"ರೂಲಾ," ಎಂದಳು ಅಂಬಮ್ಮ. ಅಷ್ಟೇ.

ಆಗ ನನ್ನೊಳಗೆ ಏನು ಉರಿಯಿತೋ, ಅದು ಎಪ್ಪತ್ತೆರಡು ವರ್ಷದಲ್ಲಿ ನನಗೆ ಗೊತ್ತಿಲ್ಲದ ಉರಿ.

"ರುದ್ರ, ಇಲ್ಲಿ ಬಾ," ಎಂದೆ.

"ಅತ್ತೆ, ಆಮೇಲೆ ಮಾತಾಡಣ."

"ಈಗ ಬಾ. ನಿನಗೆ ರೂಲು ಬೇಕಲ್ಲ? ಬಾ, ರೂಲನ್ನೇ ನೋಡಣ." ನಾನು ಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿದೆ. ಕೈ ಚಾಚಿ ಪಟದ ಅಡ್ಡಗಲವನ್ನು ಅಳೆದೆ. ಸರಿಯಾಗಿ ಮೂರು ಗೇಣು. "ಬಲಗಡೆಯಿಂದ ಒಂದು ಗೇಣು. ಇಲ್ಲಿ ಅತ್ತಿಗೆ ಮುಖ. ಸರಿ ತಾನೆ? ಈಗ ಎಡಗಡೆಯಿಂದ ಒಂದು ಗೇಣು. ಇಲ್ಲಿ ಏನಿತ್ತು ಹೇಳು."

ಅವನು ಹಾರವನ್ನು ಮತ್ತೆ ಸರಿಪಡಿಸಲು ಕೈ ಚಾಚಿದ.

"ಅವಳನ್ನ ಆ ಕಡೆ ಸರಿ, ಇನ್ನೊಂಚೂರು ಸರಿ ಅಂತ ಸರಿಸಿದವನು ನೀನು. ಗೆರೆ ಮೇಲೆ ಬಂದೆ ಅಂದವನು ನೀನು. ನಾನು ಪಕ್ಕದಲ್ಲೇ ನಿಂತಿದ್ದೆ. ಎಡಗಡೆ ಗೆರೆ ಮೇಲೆ ಒಂದು ಮುಖ, ಬಲಗಡೆ ಗೆರೆ ಮೇಲೆ ಒಂದು ಮುಖ. ನೀನು ಕಲಿಸಿದ ನಿಯಮದ ಪ್ರಕಾರ ಅವಳು ಕೂತ ಜಾಗ ಸರಿಯಾಗಿತ್ತು. ಆ ನಿಯಮ ಅವಳನ್ನ ಅಳಿಸು ಅಂತ ಹೇಳಲ್ಲ ಕಣೋ. ಹೇಳಿದವರು ಯಾರು?"

ಬಾಗಿಲ ಹತ್ತಿರದಿಂದ ಪರಮಶಿವಯ್ಯನವರು, "ಟೀಚರಮ್ಮ ಪಾಠ ಸುರು ಮಾಡ್ಬುಟ್ಲು. ಮಂಗಳ, ಜಂಗಮರು ಕುಂತವ್ರೆ, ಒಸಿ ಮೆಲ್ಲಗೆ," ಎಂದರು.

"ಕೂತಿರ್ಲಿ ಪರಮಣ್ಣ. ಅವರೂ ಕೇಳ್ಲಿ."

"ಏನ್ ಕೇಳದು? ಮನೆ ಹಿರೀರ ಪಟ. ನಾಳೆ ಬೀಗ್ರು ಬರ್ತಾರೆ, ಪಕ್ಕದಲ್ಲಿರೋಳು ಯಾರು ಅಂತಾರೆ. ಏನಂತ ಹೇಳದು? ನಾನೇ ಹೇಳ್ದೆ ಇವನಿಗೆ. ಪಟದಾಗೆ ಮನೇವ್ರು ಇರ್ಲಿ ಕಣ್ಲಾ ಅಂದೆ. ತೆಪ್ಪೇನು?"

ಹೀಗೆ ಹೊರಗೆ ಬಂತು. ನಾನು ರುದ್ರನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಆ ಕ್ಷಣ ನನಗೆ ಪರಮಣ್ಣನ ಮೇಲೆ ಬಂದದ್ದಕ್ಕಿಂತ ಹೆಚ್ಚು ಕೋಪ ರುದ್ರನ ಮೇಲೆ ಬಂತು. ಪರಮಣ್ಣ ಎಂಬತ್ತು ದಾಟಿದ ಮನುಷ್ಯ, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಬಾಯಲ್ಲಿ ಆಡಿದರು. ಇವನು ಅದೇ ಮಾತನ್ನು ಒಪ್ಪಿಕೊಂಡು, ಅದಕ್ಕೆ ನೆಗೆಟಿವ್ ಸ್ಪೇಸ್ ಎಂದು ಹೆಸರಿಟ್ಟು, ಗುಂಪಿಗೆ ಹಾಕಿ, ಭೇಷ್ ಅನ್ನಿಸಿಕೊಂಡಿದ್ದ.

"ಅವಳು ಭುಜ ಹಿಡೀದೇ ಇದ್ದಿದ್ರೆ ನಿಮ್ಮವ್ವ ಪಕ್ಕಕ್ಕೆ ಬಿದ್ದೋಗ್ತಿದ್ರು!" ಎಂದು ಕೂಗಿದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. "ನೋಡು ಇಲ್ಲಿ, ಸೀರೆ ಸುಕ್ಕು ನೋಡು! ಯಾರ ಕೈ ಇದು? ಗೋಡೆ ಹಿಡ್ಕೊಂಡಿತ್ತಾ? ಎಂಟು ವರ್ಷ ನಿಮ್ಮವ್ವನ ಮಾತು ನಿನಗೆ ಅರ್ಥ ಆಗಿದ್ದು ಯಾರ ಬಾಯಿಂದ? ಆಗ ಬೀಗ್ರು ಕೇಳ್ಲಿಲ್ವಾ ಇವಳು ಯಾರು ಅಂತ? ನಾಚಿಕೆ ಆಗ್ಬೇಕು ನಿನಗೆ! ಮೊದಲಿಂದು ತೆಗಿ. ಅಳಿಸದೇ ಇರೋದನ್ನ ತೆಗಿ, ಈಗಲೇ ಪ್ರಿಂಟ್ ಹಾಕ್ಸಿ ತರ್ತೀನಿ."

"ಇಲ್ಲ ಅತ್ತೆ."

"ಏನಿಲ್ಲ?"

"ಮೊದಲಿಂದು ಇಲ್ಲ. ಫೋನಿಗೆ ಹಾಕ್ಕಂಡು ಅದ್ರಲ್ಲೇ ತಿದ್ದಿದ್ದು. ಅಲ್ಲೂ ತಿದ್ದಿದ್ದೇ ಉಳ್ದೈತೆ. ಕಾರ್ಡಲ್ಲಿ ಜಾಗ ಇರ್ಲಿಲ್ಲ, ಇವತ್ತಿನ ಕಾರ್ಯ ತೆಗೀಬೇಕಿತ್ತು." ಅವನ ದನಿ ಸಣ್ಣಗಾಯಿತು. "ಬೆಳಿಗ್ಗೆ ಫಾರ್ಮ್ಯಾಟ್ ಮಾಡ್ಬುಟ್ಟೆ, ಎಲ್ಲಾ ಅಳ್ಸೋಯ್ತು. ಅದ್ರ ಮೇಲೇ ಆಗ್ಲಿಂದ ತೆಗೀತಾ ಇದೀನಿ. ಯೋಚ್ನೆ ಮಾಡ್ಲಿಲ್ಲ ಅತ್ತೆ."

ಹಿತ್ತಲಲ್ಲಿ ಯಾರೋ ಸೌಟಿನಿಂದ ಕಡಾಯಿ ಬಡಿಯುತ್ತಿದ್ದರು. ಶ್ರುತಿ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಅತ್ತೆ, ಕೂತ್ಕೊಳಿ," ಎಂದಳು. ಕುರ್ಚಿಯನ್ನು ಎಳೆದುಕೊಟ್ಟಳು. ನಾನು ಕೂರಲಿಲ್ಲ.

ನನಗೆ ಚರಂಡಿಗೆ ಇಳಿದ ಗೌಸ್ ಸಾಹೇಬರ ಕಾಲು ನೆನಪಾಯಿತು. ಇವತ್ತು ನನ್ನ ಕ್ಯಾಮೆರಾ ಕೊರಳಲ್ಲೇ ಇತ್ತು. "ಅಂಬಮ್ಮ, ಬಾ. ಪಟದ ಪಕ್ಕದಲ್ಲಿ ಕೂತ್ಕೋ. ಆ ಖಾಲಿ ಗೋಡೆ ಮುಂದೆ. ಅವತ್ತು ಹೆಂಗೆ ಭುಜ ಹಿಡಿದಿದ್ಯೋ ಹಂಗೇ ಕೈ ಇಡು. ನಾನು ತೆಗೀತೀನಿ. ಎಲ್ಲಾ ಹಿಡಿಸೋವರೆಗೂ ಹಿಂದಕ್ಕೋಗ್ತೀನಿ," ಎಂದೆ.

ಅಂಬಮ್ಮ ನನ್ನನ್ನೂ ಪಟವನ್ನೂ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನನ್ನ ಕೋಪ ಅವಳಿಗೆ ಭಾರವಾಗುತ್ತಿದೆಯೇನೋ ಎಂದು ಆಗ ಮೊದಲ ಸಲ ಅನ್ನಿಸಿತು.

"ಬ್ಯಾಡ ಬುಡಿ ಮಂಗ್ಳಮ್ಮಾರೇ," ಎಂದಳು. "ನಾನ್ ಹಿಡ್ಕಂಡಿದ್ದು ಅವ್ವನ್ನ. ಗಾಜು ಹಿಡ್ಕಂಡು ಏನ್ ಮಾಡ್ಲಿ?"

ಕ್ಯಾಮೆರಾ ಎತ್ತಿದ್ದ ನನ್ನ ಕೈ ಕೆಳಗಿಳಿಯಿತು. ಅವಳು ಚೀಲ ತೆಗೆದುಕೊಂಡಳು. ಟವೆಲನ್ನು ಸರಿಯಾಗಿ ಮಡಚಿ ಮತ್ತೆ ಒಳಗಿಟ್ಟಳು. "ಬತ್ತೀನಿ ಸ್ರುತವ್ವ. ಬತ್ತೀನಿ ಚಿಕ್ಕಯ್ನೋರೇ. ಒಂದೂವರೆ ಬಸ್ಸೈತೆ," ಎಂದು ಹೊರಟಳು.

ನಾನು ಅವಳ ಹಿಂದೆಯೇ ಹೋದೆ. ಜಗುಲಿಯ ಮೇಲೆ ಅವಳು ಚಪ್ಪಲಿ ಹುಡುಕುತ್ತಿದ್ದಳು. ಇಷ್ಟು ಜನರ ಚಪ್ಪಲಿಯಲ್ಲಿ ಅವಳದು ಕೆಳಗೆ ಸಿಕ್ಕಿಕೊಂಡಿತ್ತು.

"ಉಂಡು ಹೋಗು ಅಂಬಮ್ಮ. ಅತ್ತಿಗೆ ಕಾರ್ಯದ ಊಟ."

"ಹಸ್ವಿಲ್ಲ."

"ಬೆಳಿಗ್ಗೆ ಏನು ತಿಂದೆ?"

"ಹಸ್ವಿಲ್ಲ ಅಂದ್ನಲ್ಲ ಬುಡಿ." ಸಿಕ್ಕಿದ ಒಂದು ಚಪ್ಪಲಿಯನ್ನು ಕಾಲಿಗೆ ಹಾಕಿಕೊಳ್ಳುತ್ತ ಹೇಳಿದಳು: "ಆ ಮೊಳೆ ಕೀಳ್ಸ್ಬೇಕು. ಬರೀ ಮೊಳೆ ಇದ್ರೆ ನೋಡ್ದೋರು ಕೇಳ್ತಾರೆ."

ಅದನ್ನು ಕೇಳಿ ನಾನು ಜಗುಲಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. "ನಾನೂ ಉಣ್ಣಲ್ಲ. ಇಬ್ಬರೂ ಹೋಗಣ. ಬಸ್‌ಸ್ಟ್ಯಾಂಡಿಗೆ ನಾನೂ ಬರ್ತೀನಿ," ಎಂದೆ. ಅವಳು ಬೇಡ ಎನ್ನಲಿಲ್ಲ. ನನ್ನ ಚಪ್ಪಲಿಯನ್ನೂ ಹುಡುಕಿ, ತಿರುಗಿಸಿ, ನನ್ನ ಕಾಲಿನ ಹತ್ತಿರ ಇಟ್ಟಳು. ಅವಳಿಗೆ ಇಷ್ಟೆಲ್ಲ ಆದ ಮೇಲೂ ನನ್ನ ಮಂಡಿ ನೋವು ನೆನಪಿತ್ತು.

ಒಳಗೆ ಪಂಕ್ತಿಗೆ ಎಲೆ ಹಾಕುವ ಸದ್ದು. ಜಂಗಮರಿಗೆ ಬಡಿಸುತ್ತಿದ್ದರು. ಪಟದ ಮುಂದೆ ಎಡೆ ಇಟ್ಟಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಸತ್ತವರ ಹೆಸರಿನ ಊಟ ಅದು. ಕಂಚಿನ ತಟ್ಟೆಯ ಮೇಲೆ ಬಾಳೆಎಲೆ, ಅದರಲ್ಲಿ ಕಡುಬು, ಪಾಯಸ, ಕೋಸಂಬರಿ, ಅನ್ನ, ಸಾರು. ಮೂಲೆಯಲ್ಲಿ ಒಂದು ಪುಟ್ಟ ಬಟ್ಟಲಲ್ಲಿ ಸೋಸಿದ ರಾಗಿ ಗಂಜಿ. ಅತ್ತಿಗೆಗೆ ಕೊನೆಗೆ ಇಳಿಯುತ್ತಿದ್ದದ್ದು ಅದೊಂದೇ ಎಂದು ಶ್ರುತಿ ಮರೆಯದೆ ಇಟ್ಟಿದ್ದಳು. ಪೂಜೆ ಮುಗಿದ ಮೇಲೆ ಆ ಎಡೆಯನ್ನು ಮಗನೇ ಉಣ್ಣುವುದು ನಮ್ಮ ಮನೆಯ ರೂಢಿ. ಬೇರೆ ಯಾರೂ ಮುಟ್ಟುವುದಿಲ್ಲ. ನಮ್ಮ ತಂದೆ ಹೋದಾಗ ಅಣ್ಣ ಉಂಡಿದ್ದ, ಅಣ್ಣ ಹೋದಾಗ ಇದೇ ರುದ್ರ ಅಳುತ್ತಾ ಉಂಡಿದ್ದ.

ಒಳಗಿನಿಂದ ಪರಮಣ್ಣನ ದನಿ ಕೇಳಿತು: "ಲೇ ರುದ್ರ, ಎಲ್ಲಿಗ್ಲಾ? ಅದು ಎಡೆ ಕಣ್ಲಾ. ಕುಂತ್ಕಂಡು ಉಣ್ಣು."



ರುದ್ರ ಹೊಸ್ತಿಲು ದಾಟಿ ಜಗುಲಿಗೆ ಬಂದ. ಎರಡೂ ಕೈಯಲ್ಲಿ ಆ ತಟ್ಟೆ. ಸಾರು ತುಳುಕದಂತೆ ಮೆಲ್ಲಗೆ ನಡೆಯುತ್ತಿದ್ದ. ನನ್ನ ಕಡೆ ನೋಡಲಿಲ್ಲ, ನಾನೂ ಅವನ ಕಡೆ ನೋಡಿ ನಗಲಿಲ್ಲ. ನನ್ನ ಕೋಪ ಹಾಗೇ ಇತ್ತು. ಅಳಿಸಿದ್ದು ಅಳಿಸಿಹೋಗಿತ್ತು. ಗುಡೇಮಾರನಹಳ್ಳಿಯ ಗೋಡೆಯ ಆ ಮೊಳೆಗೆ ನೇತುಹಾಕಲು ಇನ್ನು ಯಾವತ್ತೂ ಏನೂ ಸಿಗುವುದಿಲ್ಲ. ಇದು ಅವನಿಗೂ ಗೊತ್ತಿತ್ತು ಎಂದು ಅವನ ಮುಖ ಹೇಳುತ್ತಿತ್ತು.

ಅಂಬಮ್ಮ ಒಂದು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ತಟ್ಟೆ ನೋಡಿದಳು. ಗಂಜಿಯ ಬಟ್ಟಲು ನೋಡಿದಳು. ಎಂಟು ವರ್ಷ ಅವಳೇ ತುಂಬಿ ಅವಳೇ ಬರಿದು ಮಾಡಿದ ಬಟ್ಟಲು. ಅದು ಯಾವ ತಟ್ಟೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಮನೆಯ ಎಲ್ಲ ರೂಢಿಯೂ ಅವಳಿಗೆ ಗೊತ್ತು.

ಅವನು ತಟ್ಟೆಯನ್ನು ಮುಂದೆ ಚಾಚಿದ. ಅವಳು ಚಪ್ಪಲಿ ಕಳಚಿ, ಚೀಲವನ್ನು ನನ್ನ ಪಕ್ಕದಲ್ಲಿಟ್ಟು, ಎರಡೂ ಕೈ ಚಾಚಿದಳು. ಅವಳ ಹಿಡಿತಕ್ಕೆ ಪೂರ್ತಿ ಸಿಗುವವರೆಗೆ ಅವನು ತಟ್ಟೆಯ ಅಡಿಯಿಂದ ಕೈ ತೆಗೆಯಲಿಲ್ಲ.